ಮತ್ತೆ ಮತ್ತೆ ಅದೇ ಮರದ ಬುಡಕ್ಕೆ

ಕಳೆದ ವರ್ಷದ ಆಷಾಢ ಮಾಸ. ತುಂತುರು ಮಳೆ ಹಿಡಿದ ಒಂದು ಸಂಜೆ ಚಾಮರಾಜಪೇಟೆಯ ನಮ್ಮ ಮನೆಗೆ ಬಹುಕಾಲದ ಪರಿಚಯದ ಸದ್ಭಕ್ತರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಅವರದು ಗ್ರಂಧಿಗೆ ಅಂಗಡಿ. ವಿಭೂತಿ, ರುದ್ರಾಕ್ಷಿ, ಕರ್ಪೂರ, ಹತ್ತಿಬತ್ತಿಗಳ ವ್ಯಾಪಾರ ಆ ಮನೆಯಲ್ಲಿ ತಾತನ ಕಾಲದಿಂದ ನಡೆದುಬಂದಿದೆ. ಮಗ ಚಿತ್ರಕಲಾ ಶಾಲೆಯೊಂದರಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿ. ಹುಡುಗನ ಹೆಸರು ಇಲ್ಲಿ ಬೇಡ. ಅವನ ಪ್ರಶ್ನೆ ಅವನೊಬ್ಬನದಲ್ಲ.

ತಂದೆ ಛತ್ರಿಯನ್ನು ಮೂಲೆಗಿಟ್ಟು ಕುಳಿತವರೇ ಮಾತು ತೆಗೆದರು. "ಗುರುಗಳೇ, ಇವನಿಗೆ ನೀವಾದರೂ ಎರಡು ಮಾತು ಹೇಳಬೇಕು. ನಾಲ್ಕು ತಿಂಗಳಿಂದ ಕುಂಚ ಮುಟ್ಟಿಲ್ಲ. ಕೇಳಿದರೆ ಸ್ಫೂರ್ತಿ ಬರುತ್ತಿಲ್ಲ ಅನ್ನುತ್ತಾನೆ. ಸ್ಫೂರ್ತಿ ಬಂದ ದಿನ ಅಂಗಡಿ ತೆರೆಯುತ್ತೇನೆ ಅಂತ ನಾನು ಕೂತಿದ್ದರೆ ಮನೆ ನಡೆಯುತ್ತಿತ್ತೆ? ದೀಪಾವಳಿವರೆಗೆ ನೋಡುತ್ತೇನೆ. ಅಷ್ಟರೊಳಗೆ ದಾರಿ ಕಾಣದಿದ್ದರೆ ಗಲ್ಲಾಪೆಟ್ಟಿಗೆ ಹತ್ತಿರ ಬಂದು ಕೂರಲಿ."

ಹುಡುಗ ಬಹಳ ಹೊತ್ತು ನೆಲ ನೋಡುತ್ತಿದ್ದ. ಕೊನೆಗೆ ಮೆಲ್ಲನೆ ಹೇಳಿದ: "ದಿನಾ ಮೊಬೈಲಿನಲ್ಲಿ ನೂರಾರು ಚಿತ್ರ ನೋಡುತ್ತೇನೆ ಗುರುಗಳೇ. ಪ್ರಪಂಚದಲ್ಲಿ ಎಲ್ಲರೂ ಎಲ್ಲವನ್ನೂ ಬರೆದು ಮುಗಿಸಿದ್ದಾರೆ ಅನಿಸುತ್ತದೆ. ನಾನು ಏನು ಬರೆದರೂ ಅದು ಯಾರದೋ ಚಿತ್ರದ ನಕಲಾಗಿ ಕಾಣುತ್ತದೆ. ನನ್ನದು ಅನ್ನುವಂಥದ್ದು ಏನೂ ಇಲ್ಲ."

ನಾವು ಚಿತ್ರಕಾರರಲ್ಲ. ಮಠದಲ್ಲಿ ಓದಿ, ತಾಳೆಗರಿಗಳ ಮಧ್ಯೆ ಕಣ್ಣು ಸವೆಸಿದವರು. ಆದರೂ ಆ ಹುಡುಗನ ಮಾತು ನಮ್ಮೊಳಗೆ ಎಲ್ಲೋ ತಾಗಿತು. ಕಾರಣ ಉಂಟು. ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಹತ್ತು ವರ್ಷದ ಬಾಲಕರಾಗಿದ್ದಾಗ ನಾವೊಮ್ಮೆ ಇದ್ದಿಲು ಮತ್ತು ಕಾವಿಮಣ್ಣಿನಿಂದ ಊಟದ ಸಾಲೆಯ ಹಿಂಗೋಡೆಯ ಮೇಲೆ ಒಂದು ಎತ್ತನ್ನು ಬರೆದಿದ್ದೆವು. ಉಸ್ತುವಾರಿಯ ಹಿರಿಯರೊಬ್ಬರು ಅದನ್ನು ಕಂಡು, ನಮ್ಮ ಕೈಯಿಂದಲೇ ಸುಣ್ಣ ಬಳಿಸಿ, ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿದರು. ಗೋಡೆ ಹೊಲಸು ಮಾಡಿದ್ದು ತಪ್ಪೇ ಸರಿ. ಆದರೆ ಆ ಎತ್ತಿನ ಕೊಂಬು ಚೆನ್ನಾಗಿ ಬಂದಿದೆಯೆಂದು ಒಬ್ಬರೂ ಹೇಳಲಿಲ್ಲ. ಅಂದಿನಿಂದ ನಾವು ಚಿತ್ರ ಬರೆಯಲಿಲ್ಲ. ಐವತ್ತು ವರ್ಷಗಳ ಮೇಲೂ ಸುಣ್ಣದ ವಾಸನೆ ಬಂದರೆ ಆ ಎತ್ತು ನೆನಪಾಗುತ್ತದೆ.

ಹಾಗಾಗಿ ಆ ಸಂಜೆ ಉಪದೇಶ ಮಾಡುವ ಮನಸ್ಸು ನಮಗೆ ಬರಲಿಲ್ಲ. ಬದಲಿಗೆ ಇದೇ ಬೆಂಗಳೂರಿನಲ್ಲಿ ಬಾಳಿದ ಒಬ್ಬ ಚಿತ್ರಕಾರರ ಕಥೆ ಹೇಳಿದೆವು. ಓದುಗ ಬಂಧುಗಳಿಗೂ ಅದು ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೂವತ್ತು ವರ್ಷ ಕಾದ ಕುಂಚ

ರುಮಾಲೆ ಚನ್ನಬಸವಯ್ಯನವರು ಹುಟ್ಟಿದ್ದು 1910ರಲ್ಲಿ, ನೇಯ್ಗೆಗೆ ಹೆಸರಾದ ದೊಡ್ಡಬಳ್ಳಾಪುರದಲ್ಲಿ. ಎಳೆಯ ವಯಸ್ಸಿನಲ್ಲೇ ಚಿತ್ರದ ಗೀಳು ಹತ್ತಿತು. ಬೆಂಗಳೂರಿನಲ್ಲಿ ಆಗ ಚಿತ್ರ ಕಲಿಯಬೇಕೆನ್ನುವವರಿಗೆ ಇದ್ದ ಮುಖ್ಯ ಆಸರೆ ಎ.ಎನ್. ಸುಬ್ಬರಾಯರ 'ಕಲಾಮಂದಿರ'. ಸುಬ್ಬರಾಯರು 1919ರಲ್ಲಿ ಆರಂಭಿಸಿದ ಆ ಶಾಲೆ ಈ ನಗರದ ಚಿತ್ರಶಿಕ್ಷಣಕ್ಕೆ ಮೊದಲ ಮೆಟ್ಟಿಲುಗಳಲ್ಲಿ ಒಂದು. ರುಮಾಲೆಯವರು ಅಲ್ಲಿ ರೇಖೆ ಪಳಗಿಸಿಕೊಂಡು, ಮುಂದೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ ಹೋದರು. ಶ್ರೀಗಂಧ, ದಂತ, ಬೀಟೆಮರದ ಕುಶಲಕಲೆಗಳ ಜತೆಗೆ ಚಿತ್ರಕಲೆಯನ್ನೂ ಕಲಿಸುತ್ತಿದ್ದ ಸಂಸ್ಥೆ ಅದು. ಅಲ್ಲಿ ಕಲಿತವರಿಗೆ ಡ್ರಾಯಿಂಗ್ ಮೇಷ್ಟರ ಕೆಲಸ ಸಿಕ್ಕುತ್ತಿದ್ದ ಕಾಲ.

ಆದರೆ 1930 ಬಂತು. ಗಾಂಧೀಜಿಯವರ ಉಪ್ಪಿನ ಸತ್ಯಾಗ್ರಹ ದೇಶವನ್ನೇ ಕಲಕಿತು. ಇಪ್ಪತ್ತರ ಹರೆಯದ ರುಮಾಲೆ ಓದನ್ನು ಅರ್ಧಕ್ಕೆ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದರು. ಡಾ. ನಾ.ಸು. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ದುಡಿದರು, ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೂ ಸಾರ್ವಜನಿಕ ಜೀವನ ಬಿಡಲಿಲ್ಲ. 'ತಾಯಿನಾಡು' ಪತ್ರಿಕೆಯ ಸಂಪಾದಕರಾದರು; ವಿಧಾನ ಪರಿಷತ್ತಿನ ಸದಸ್ಯರಾದರು. ಸಭೆ, ಭಾಷಣ, ಅಗ್ರಲೇಖನ ಎಂದು ದಿನಗಳು ಉರುಳಿದವು. ಕುಂಚ ಮಾತ್ರ ಬದಿಯಲ್ಲೇ ಉಳಿಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಅವರು ಗೌರವಾನ್ವಿತ ದೇಶಭಕ್ತರಲ್ಲೊಬ್ಬರಾಗಿ ಉಳಿಯುತ್ತಿದ್ದರು. ಹಾಗಾಗಲಿಲ್ಲ. 1962ರ ಸುಮಾರಿಗೆ, ಐವತ್ತು ದಾಟಿದ ಮೇಲೆ, ರುಮಾಲೆಯವರು ಅಧಿಕಾರ ರಾಜಕಾರಣದ ಅಂಗಳದಿಂದ ಎದ್ದು ಮತ್ತೆ ಚಿತ್ರಕ್ಕೆ ಬಂದರು. ನಮ್ಮ ಓದುಗರು ಇದನ್ನು ಒಂದು ಕ್ಷಣ ಯೋಚಿಸಬೇಕು. ಮಗಳ ಮದುವೆ, ಮಂಡಿನೋವು, ನಿವೃತ್ತಿವೇತನ ಎಂದು ನಾವೆಲ್ಲ ಲೆಕ್ಕ ಹಾಕುವ ವಯಸ್ಸು ಅದು. ಆ ವಯಸ್ಸಿನಲ್ಲಿ ಅವರು ವಿದ್ಯಾರ್ಥಿಯಾಗಿ ಮರದ ಬುಡದಲ್ಲಿ ಕುಳಿತರು. ಮುಂದೆ 1988ರಲ್ಲಿ ತೀರಿಕೊಳ್ಳುವವರೆಗೆ, ಹೆಚ್ಚುಕಡಿಮೆ ಇಪ್ಪತ್ತಾರು ವರ್ಷ, ಕುಂಚವನ್ನು ಕೆಳಗಿಡಲಿಲ್ಲ.

ಹುಡುಗ ಇಲ್ಲಿ ಮೊದಲ ಬಾರಿಗೆ ತಲೆಯೆತ್ತಿ ಕೇಳಿದ: "ಮೂವತ್ತು ವರ್ಷ ಬಿಟ್ಟ ಮೇಲೆ ಕೈ ಹೇಗೆ ಓಡಿತು?"

"ಕೈಯನ್ನು ನಾವು ನೋಡಿಲ್ಲ ಮರಿ. ಆದರೆ ಅವರು ಎಲ್ಲಿಗೆ ಹೋಗಿ ಕುಳಿತರು ಎಂಬುದು ಗೊತ್ತು" ಎಂದೆವು.

ಹೂವಿನ ಪಂಚಾಂಗ

ರುಮಾಲೆಯವರು ಬಹುಪಾಲು ಚಿತ್ರಗಳನ್ನು ಕೋಣೆಯೊಳಗೆ ಕುಳಿತು ಬರೆದವರಲ್ಲ. ಬಣ್ಣದ ಪೆಟ್ಟಿಗೆ ಹೊತ್ತು ಜಾಗಕ್ಕೇ ಹೋಗಿ, ಕಣ್ಣೆದುರಿನ ಬೆಳಕಿನಲ್ಲಿ ಬರೆಯುವುದು ಅವರ ಪದ್ಧತಿ. ಜಲವರ್ಣದಲ್ಲೂ ಬರೆದರು, ತೈಲವರ್ಣದಲ್ಲೂ ಬರೆದರು. ಬೆಟ್ಟ, ಜಲಪಾತ, ಹಳೆಯ ದೇಗುಲಗಳ ಕಡೆಗೂ ಅವರ ಕುಂಚ ಹೋಯಿತು. ಆದರೆ ಅವರ ಹೆಸರು ಉಳಿದದ್ದು ಬೆಂಗಳೂರಿನ ಹೂಬಿಟ್ಟ ಮರಗಳಿಂದ. ಲಾಲ್‌ಬಾಗ್, ಕಬ್ಬನ್ ಉದ್ಯಾನ, ಸಾಲುಮರದ ಬೀದಿಗಳು ಅವರ ಚಿತ್ರಶಾಲೆಗಳಾದವು.

ಈ ಮರಗಳೂ ತಾವಾಗಿ ಬಂದವಲ್ಲ. ಅವುಗಳ ಹಿಂದೆ ಇನ್ನೊಬ್ಬರ ದುಡಿಮೆಯಿದೆ. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾ ಸಂಸ್ಥಾನದಲ್ಲಿ ದುಡಿದ ಗುಸ್ತಾವ್ ಹೆರ್ಮಾನ್ ಕೃಂಬಿಗಲ್ 1908ರಲ್ಲಿ ಲಾಲ್‌ಬಾಗಿಗೆ ಬಂದರು. 1956ರಲ್ಲಿ ಬೆಂಗಳೂರಿನಲ್ಲೇ ಮಣ್ಣಾದರು. ನಗರದ ಬೀದಿಗಳಲ್ಲಿ ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳೂ ಬಣ್ಣವಿಲ್ಲದೆ ಕಳೆಯಬಾರದು ಎಂಬ ಲೆಕ್ಕದಲ್ಲಿ ಮರ ನೆಡಿಸುವ ಯೋಜನೆ ಅವರದು. ಕಾರ್ತಿಕ ಕಳೆಯುತ್ತಿದ್ದಂತೆ ನಸುಗೆಂಪು ಟಬೂಬಿಯಾ. ಶಿವರಾತ್ರಿಯ ಆಸುಪಾಸಿಗೆ ಎಲೆಯೆಲ್ಲ ಉದುರಿಸಿ ಬಂಗಾರವಾಗಿ ನಿಲ್ಲುವ ಹಳದಿ ಟಬೂಬಿಯಾ. ಅದರ ಬೆನ್ನಿಗೆ ನೇರಳೆಯ ಜಕರಾಂಡ. ಯುಗಾದಿಗೆ ಹೊಂಗೆಯ ಎಳೆಹಸಿರು. ಬಿಸಿಲು ಏರಿದಂತೆ ಕೆಂಡ ಹೊತ್ತ ಗುಲ್‌ಮೊಹರ್. ಕೃಂಬಿಗಲ್ ನೆಡಿಸಿದ ಪಂಚಾಂಗವನ್ನು ರುಮಾಲೆ ಕುಂಚದಿಂದ ಓದಿದರೆಂದು ನಮಗೆ ಅನ್ನಿಸುತ್ತದೆ.

ಅವರ ಒಂದು ಜಕರಾಂಡ ಚಿತ್ರವನ್ನು ಪ್ರದರ್ಶನವೊಂದರಲ್ಲಿ ನೋಡುವ ಭಾಗ್ಯ ನಮಗೆ ದೊರೆತಿತ್ತು. ಹತ್ತಿರ ಹೋದರೆ ಹೂವೂ ಕಾಣದು, ಎಲೆಯೂ ಕಾಣದು. ಬರೀ ಚಿಕ್ಕಚಿಕ್ಕ ಕುಂಚದ ಹೊಡೆತಗಳು ಒಂದರ ಮೇಲೊಂದು ತುಳುಕುತ್ತವೆ. ಹತ್ತು ಹೆಜ್ಜೆ ಹಿಂದೆ ಸರಿದರೆ ಮರ ನಿಲ್ಲುತ್ತದೆ, ಗಾಳಿ ಬೀಸುತ್ತದೆ, ನೆಲದ ಮೇಲೆ ಬಿದ್ದ ನೆರಳಿಗೂ ನೇರಳೆ ಛಾಯೆ ಹತ್ತುತ್ತದೆ. ಇದನ್ನು ಕಂಡವರು ಹಾಲೆಂಡಿನ ವಾನ್ ಗಾಗ್‌ನನ್ನು ನೆನೆಯುವುದುಂಟು. ಆತ ಚಿತ್ರವನ್ನೇ ಬಾಳಾಗಿ ಹಿಡಿದದ್ದು 27ನೆಯ ವಯಸ್ಸಿನಲ್ಲಿ, 1880ರಲ್ಲಿ. ಹತ್ತೇ ವರ್ಷ ಬರೆದು 1890ರಲ್ಲಿ ತೀರಿಕೊಂಡ. ಫ್ರಾನ್ಸಿನ ಕ್ಲಾಡ್ ಮೊನೆ 1890-91ರಲ್ಲಿ ಹೊಲದ ಬಣವೆಗಳನ್ನೇ ಸುಮಾರು 25 ಬಾರಿ ಬರೆದ. ಬಣವೆ ಬದಲಾಗಲಿಲ್ಲ, ಅದರ ಮೇಲೆ ಬಿದ್ದ ಬೆಳಕು ಬದಲಾಯಿತು. ಬೆಳಗಿನ ಮಂಜಿನಲ್ಲಿ ಒಂದು, ಸಂಜೆಗೆಂಪಿನಲ್ಲಿ ಒಂದು, ಹಿಮ ಬಿದ್ದಾಗ ಮತ್ತೊಂದು. ಹೊಸ ವಸ್ತು ಹುಡುಕಲು ಆತ ಊರು ಬಿಟ್ಟು ಹೋಗಬೇಕಾಗಲಿಲ್ಲ.

ನಮ್ಮವರಲ್ಲೂ ಇಂಥ ಹಟದವರಿದ್ದಾರೆ. ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಅವರದೇ ಹೆಸರು. ಉದಕಮಂಡಲದ ಅವರ ಜಲವರ್ಣಗಳಲ್ಲಿ ಮಂಜು ಕರಗುವ ಆ ಗಳಿಗೆಯನ್ನು ಕಾದು ಹಿಡಿದ ತಾಳ್ಮೆ ಕಾಣುತ್ತದೆ. ಅಂಥವರು ನಡುವಯಸ್ಸಿನತ್ತ ಸಾಗುತ್ತ ವೀಣೆ ಶೇಷಣ್ಣನವರ ಬಳಿ ವೀಣೆಗೂ ಶಿಷ್ಯರಾದರು. ಬಾದಾಮಿಯಲ್ಲಿ 1936ರಲ್ಲಿ ಹುಟ್ಟಿದ ಆರ್.ಎಂ. ಹಡಪದರು ಬೆಂಗಳೂರಿಗೆ ಬಂದು 1960ರ ದಶಕದ ಕೊನೆಯಲ್ಲಿ ಕೆನ್ ಕಲಾಶಾಲೆ ಕಟ್ಟಿ, 2003ರಲ್ಲಿ ತೀರಿಕೊಳ್ಳುವವರೆಗೆ ತಲೆಮಾರುಗಟ್ಟಲೆ ಹುಡುಗರಿಗೆ ಕುಂಚ ಹಿಡಿಸಿದರು. ಅವರ ಶಿಷ್ಯ ಜೆ.ಎಂ.ಎಸ್. ಮಣಿ ಬೆಂಗಳೂರಿನವರಾದರೂ ಗುರುವಿನ ಊರಾದ ಬಾದಾಮಿಯ ಜನರನ್ನೇ, ಅವರ ಪೇಟ, ಸೀರೆ, ಬಿಸಿಲುಂಡ ಮುಖಗಳನ್ನೇ, ದಶಕಗಳ ಕಾಲ ಬರೆದರು. ಒಂದೇ ಊರು, ಅದೇ ಜನ. ಬರೆದು ಮುಗಿಯಲೇ ಇಲ್ಲ. ಅವರು 2021ರಲ್ಲಿ ನಮ್ಮನ್ನಗಲಿದರು.

ಇಷ್ಟನ್ನು ಹೇಳಿ ನಾವು ಹುಡುಗನಿಗೆ ಒಂದೇ ಒಂದು ಕೆಲಸ ಕೊಟ್ಟೆವು. "ಬಸವನಗುಡಿಯ ಬ್ಯೂಗಲ್ ರಾಕ್ ಉದ್ಯಾನ ನಿನ್ನ ಮನೆಗೆ ಹತ್ತಿರವೇ ಇದೆ. ಒಂದು ಮರ ಆರಿಸಿಕೋ. ದಿನಾ ಬೆಳಿಗ್ಗೆ ಆರೂವರೆಗೆ ಅದರ ಮುಂದೆ ಕೂತು ಒಂದು ರೇಖಾಚಿತ್ರ ಬರೆ. ಚೆನ್ನಾಗಿ ಬರಬೇಕೆಂಬ ಷರತ್ತಿಲ್ಲ. ಬರೆಯುವಷ್ಟು ಹೊತ್ತು ಮೊಬೈಲು ಮನೆಯಲ್ಲಿರಲಿ. ಅದೊಂದೇ ಷರತ್ತು."

"ಈಗ ಯಾವ ಮರದಲ್ಲೂ ಹೂವಿಲ್ಲವಲ್ಲ ಗುರುಗಳೇ" ಎಂದ ಹುಡುಗ.

"ಹೂ ಬಿಡುವವರೆಗೆ ಕಾಯಬೇಡ. ಬುಡದಿಂದ ಶುರು ಮಾಡು" ಎಂದೆವು.

ಆಷಾಢದಿಂದ ನವರಾತ್ರಿಯವರೆಗೆ

ಹುಡುಗ ಆರಿಸಿಕೊಂಡದ್ದು ಒಂದು ಮುದಿ ಮಳೆಮರ. ಮೊದಲ ಎರಡು ವಾರ ತಂದು ತೋರಿಸಿದ ಹಾಳೆಗಳಲ್ಲಿ ಮರವೇ ಇರಲಿಲ್ಲ. ಮರದ ಕಲ್ಪನೆ ಇತ್ತು. ಕಾಂಡವೆಂದರೆ ಎರಡು ನೆಟ್ಟನೆ ಗೆರೆ, ಮೇಲೆ ಮೋಡದಂಥ ಒಂದು ಹೊರೆ. ಯಾವ ಊರಿನ ಯಾವ ಮರಕ್ಕೂ ಅದು ಸಲ್ಲುತ್ತಿತ್ತು. ನಾವು ತಪ್ಪು ಹೇಳಲಿಲ್ಲ, ಒಪ್ಪು ಎಂದೂ ಹೇಳಲಿಲ್ಲ. "ಮೂರನೆಯ ಕೊಂಬೆ ಯಾವ ಕಡೆಗೆ ತಿರುಗಿದೆ?" ಎಂದಷ್ಟೇ ಕೇಳಿದೆವು. ಅವನಿಗೆ ಉತ್ತರ ತಿಳಿಯಲಿಲ್ಲ. ಮಾರನೆಯ ದಿನ ನೋಡಿಕೊಂಡು ಬಂದ.

ಶ್ರಾವಣದಲ್ಲಿ ನಾವೂ ಒಂದೆರಡು ಬೆಳಗು ಕೋಲೂರಿಕೊಂಡು ಅಲ್ಲಿಗೆ ಹೋದೆವು. ಬಂಡೆಗಳು ಮಳೆಯಲ್ಲಿ ತೊಯ್ದು ಕಪ್ಪಾಗಿದ್ದವು. ಲಾಲ್‌ಬಾಗಿನ ಗುಡ್ಡದ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬಸವನಗುಡಿಯ ಈ ಕಲ್ಲುಗಳೂ ಅದರ ನೆಂಟರೇ. ತಲೆಯ ಮೇಲೆ ಬಾವಲಿಗಳು ರಾತ್ರಿಯ ಸುತ್ತಾಟ ಮುಗಿಸಿ ಬಂದು ತಲೆಕೆಳಗಾಗಿ ತೂಗಿಕೊಳ್ಳುತ್ತಿದ್ದವು. ವಾಯುಸೇವನೆಗೆ ಬಂದ ಹಿರಿಯರು ಹುಡುಗನ ಬೆನ್ನ ಹಿಂದೆ ನಿಂತು ಹಾಳೆ ಇಣುಕಿ, "ಪರವಾಗಿಲ್ಲ" ಎಂದು ಮುಂದೆ ಹೋಗುತ್ತಿದ್ದರು. ಮೊದಮೊದಲು ಅವನಿಗೆ ಮೈಯೆಲ್ಲ ಹಿಡಿಯಾಗುತ್ತಿತ್ತಂತೆ. ಬರಬರುತ್ತಾ ಅವರು ಬರದಿದ್ದರೆ ಏನೋ ಕಡಿಮೆಯಾದಂತೆ ಅನಿಸತೊಡಗಿತು.

ಒಂದು ದಿನ ಹುಡುಗ ಓಡುತ್ತ ಬಂದ. "ಗುರುಗಳೇ, ಬೆಳಕು ಕಡಿಮೆಯಾದಾಗ ಮಳೆಮರ ಎಲೆ ಮಡಚಿಕೊಳ್ಳುತ್ತದೆ. ಮೋಡ ಕವಿದಾಗ ಮರದ ಆಕಾರವೇ ಬೇರೆಯಾಗುತ್ತದೆ. ಇದನ್ನು ನಾನು ಯಾವ ಚಿತ್ರದಲ್ಲೂ ನೋಡಿರಲಿಲ್ಲ!" ಗಿಡಮರ ಬಲ್ಲವರಿಗೆ ಇದು ಹಳೆಯ ಸಂಗತಿ. ಆದರೆ ಅವನು ಅದನ್ನು ಪುಸ್ತಕದಿಂದ ಪಡೆದಿರಲಿಲ್ಲ. ನಲವತ್ತು ಬೆಳಗು ಕೂತು ಸಂಪಾದಿಸಿದ್ದ. ಅಂದಿನ ಹಾಳೆಯಲ್ಲಿ ಕೊಂಬೆಗಳು ಮೊದಲ ಸಲ ಭಾರ ಹೊತ್ತಿದ್ದವು.

ಆ ತಿಂಗಳ ಕೊನೆಗೆ ಬಣ್ಣಕ್ಕೆ ಇಳಿದ. ಜಲವರ್ಣ ಕರುಣೆಯಿಲ್ಲದ ಮಾಧ್ಯಮ. ತೈಲವರ್ಣದಲ್ಲಿ ತಪ್ಪನ್ನು ಮೇಲಿನಿಂದ ಮುಚ್ಚಬಹುದು. ಇಲ್ಲಿ ಬೆಳಕೆಂದರೆ ಬಿಟ್ಟ ಬಿಳಿಯ ಹಾಳೆಯೇ. ಎಲ್ಲಿ ಬಣ್ಣ ಹಚ್ಚಬಾರದೆಂದು ಹಚ್ಚುವ ಮೊದಲೇ ಗೊತ್ತಿರಬೇಕು. ಅರ್ಧ ಗಂಟೆಗೊಮ್ಮೆ ನೆರಳು ಸರಿಯುತ್ತದೆ, ತುಂತುರು ಬಿದ್ದರೆ ಕೆಲಸವೆಲ್ಲ ಹರಿದುಹೋಗುತ್ತದೆ. ಹತ್ತಾರು ಹಾಳೆ ಕೆಟ್ಟವು. ಒಂದು ಸಂಜೆ ಬಂದು, "ದುಡ್ಡಿನ ಹಾಳೆ ಹಾಳುಮಾಡುತ್ತಿದ್ದೇನೆ, ಅಪ್ಪನ ಮುಖ ನೋಡಲಾಗುತ್ತಿಲ್ಲ" ಎಂದು ಕಣ್ಣು ತುಂಬಿಕೊಂಡ. ದೀಪಾವಳಿಗೆ ಎರಡೇ ತಿಂಗಳು ಉಳಿದಿತ್ತು. ನಮಗೂ ಧೈರ್ಯ ಕುಂದಿತೆಂದೇ ಹೇಳಬೇಕು. ಮರವೊಂದನ್ನು ಬರೆದ ಮಾತ್ರಕ್ಕೆ ಒಬ್ಬ ತಂದೆಯ ಮನಸ್ಸು ತಿರುಗುವುದೆ? ರುಮಾಲೆಯವರ ಕಥೆ ಹೇಳಿದ್ದು ಸುಲಭ. ಅವರು ಮರಳಿ ಬಂದಾಗ ಅವರ ಹಿಂದೆ ಒಂದು ತುಂಬು ಬಾಳು ಇತ್ತು. ಈ ಹುಡುಗನ ಹಿಂದೆ ಏನಿದೆ ಎಂದು ಆ ರಾತ್ರಿ ಯೋಚಿಸಿದೆವು.

ಬೆಳಗಾಗುವ ಹೊತ್ತಿಗೆ ಉತ್ತರ ಹೊಳೆಯಿತು. ಅವನ ಹಿಂದೆ ಒಂದು ಅಂಗಡಿಯಿದೆ.

ದಾರದ ಉಂಡೆಯ ಕೆಳಗೆ

ನವರಾತ್ರಿ ಗ್ರಂಧಿಗೆ ಅಂಗಡಿಗಳಿಗೆ ಸುಗ್ಗಿ. ಕೈ ಸಾಲದೆಂದು ತಂದೆ ಮಗನನ್ನು ಸಹಾಯಕ್ಕೆ ಕರೆದಿದ್ದರು. "ಹೋಗು. ಹೋಗುವಾಗ ಚಿಕ್ಕ ಪುಸ್ತಕವೊಂದನ್ನು ಜೇಬಿನಲ್ಲಿಟ್ಟುಕೋ. ಬಿಡುವು ಸಿಕ್ಕಾಗ ಬರೆ" ಎಂದೆವು.

ಮುಂದಿನದನ್ನು ಹುಡುಗನ ಬಾಯಿಂದಲೂ ತಂದೆಯ ಬಾಯಿಂದಲೂ ಬೇರೆಬೇರೆಯಾಗಿ ಕೇಳಿದೆವು, ಎರಡೂ ತಾಳೆಯಾದವು. ಆ ಅಂಗಡಿಯಲ್ಲಿ ಇಂದಿಗೂ ಪೊಟ್ಟಣವನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ದಾರದಿಂದ ಕಟ್ಟುತ್ತಾರೆ. ದಾರದ ಉಂಡೆ ಸೂರಿನಿಂದ ತೂಗುತ್ತಿರುತ್ತದೆ. ಯಜಮಾನರ ಕೈ ನೋಡದೆಯೇ ಮೇಲೆ ಹೋಗಿ ದಾರ ಎಳೆದು, ಪೊಟ್ಟಣವನ್ನು ಎರಡು ಸುತ್ತು ಸುತ್ತಿ, ಬೆರಳಿಗೆ ತಿರುವಿ ತುಂಡರಿಸುತ್ತದೆ. ಮೂವತ್ತು ವರ್ಷದ ಅಭ್ಯಾಸ. ಹುಡುಗ ಹುಟ್ಟಿದಾಗಿನಿಂದ ಅದನ್ನು ಕಂಡಿದ್ದ, ಆದರೆ ನೋಡಿರಲಿಲ್ಲ. ಮಳೆಮರದ ಮೂರನೆಯ ಕೊಂಬೆಯನ್ನು ನೋಡಲು ಕಲಿತ ಕಣ್ಣಿಗೆ ಈಗ ಅಪ್ಪನ ಮಣಿಕಟ್ಟು ಕಂಡಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಮಧ್ಯಾಹ್ನದ ಮಬ್ಬು ಬೆಳಕಿನಲ್ಲಿ, ಕರ್ಪೂರದ ಡಬ್ಬಗಳ ಸಂದಿಯಲ್ಲಿ ಕುಳಿತು ಬರೆದ.

ಮೂರನೆಯ ದಿನ ತಂದೆ ಪುಸ್ತಕವನ್ನು ಕಿತ್ತುಕೊಂಡು ನೋಡಿದರು. ಬೈಗುಳಕ್ಕೆ ಸಿದ್ಧನಾಗಿ ಹುಡುಗ ಎದ್ದು ನಿಂತ. ತಂದೆ ಕನ್ನಡಕ ಏರಿಸಿ ಹಾಳೆಯನ್ನು ಬಹಳ ಹೊತ್ತು ನೋಡಿ, "ಇದು ಸರಿಯಿಲ್ಲ" ಎಂದರು. "ದಾರ ಎಳೆಯೋದು ಹೆಬ್ಬೆರಳಿಂದ ಅಲ್ಲ. ಕಿರುಬೆರಳಲ್ಲಿ ಹಿಡಿದು ತೋರುಬೆರಳಲ್ಲಿ ತಿರುವಬೇಕು. ನೋಡಿಲ್ಲಿ." ಒಂದು ಖಾಲಿ ಪೊಟ್ಟಣ ತೆಗೆದು ನಿಧಾನವಾಗಿ ಕಟ್ಟಿ ತೋರಿಸಿದರು. "ಗೊತ್ತಾಯಿತೆ? ಈಗ ಬರೆ." ಹುಡುಗ ಬರೆದ. "ಇನ್ನೊಂದು ಸಲ" ಎಂದರು. ಗಿರಾಕಿಯೊಬ್ಬರು ಬಂದು ಅರ್ಧ ಕೇಜಿ ಸಾಂಬ್ರಾಣಿ ಕೇಳಿದರು. ಅವರಿಗೆ ಕಟ್ಟಿಕೊಟ್ಟದ್ದೂ ನಿಧಾನವಾಗಿಯೇ.

ಆ ದೀಪಾವಳಿ ಬಂತು, ಹೋಯಿತು. ಗಡುವಿನ ಮಾತನ್ನು ತಂದೆ ಎತ್ತಲಿಲ್ಲ, ನಾವೂ ನೆನಪಿಸಲಿಲ್ಲ. ಹುಡುಗ ಈಗ ಅಂಗಡಿಯ ಚಿತ್ರಗಳನ್ನೇ ಸರಣಿಯಾಗಿ ಬರೆಯುತ್ತಿದ್ದಾನೆ: ವಿಭೂತಿಯ ಗಟ್ಟಿಗಳ ಸಾಲು, ಅವುಗಳ ಬಿಳುಪಿನೊಳಗೆ ಅಡಗಿದ ಬೂದು ಮತ್ತು ನೀಲಿ, ತೂಗುವ ದಾರದ ನೆರಳು, ಅಪ್ಪನ ಕೈ. ಬಿಳಿಯ ಹಾಳೆಯನ್ನು ಬಿಟ್ಟು ಬಿಳುಪನ್ನು ತೋರಿಸುವ ವಿದ್ಯೆ ಮಳೆಮರದ ಕೆಳಗೆ ಕೆಟ್ಟ ಹಾಳೆಗಳಿಂದ ಬಂದದ್ದು. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡಬಸವಣ್ಣನ ಸನ್ನಿಧಿಯಲ್ಲಿ ಕಡಲೆಕಾಯಿ ಪರಿಷೆ ನೆರೆದಾಗ, ಕಾಯಿರಾಶಿಯ ಹಿಂದೆ ಸೇರು ಹಿಡಿದು ಕುಳಿತ ಹಳ್ಳಿಯ ತಾಯಿಯೊಬ್ಬಳ ಮುಂದೆ ಅವನು ಕೂತು ಬರೆಯುತ್ತಿದ್ದುದನ್ನು ನಾವೇ ಕಂಡೆವು. ಅವಳು ಬರೆದದ್ದನ್ನು ನೋಡಿ, "ನನ್ನ ಮೂಗು ಇಷ್ಟು ದಪ್ಪ ಇಲ್ಲ ಕಣಪ್ಪ" ಎಂದಳು. ಆಮೇಲೆ ಅವನ ಜೋಳಿಗೆಗೆ ಒಂದು ಬೊಗಸೆ ಕಾಯಿ ಸುರಿದಳು.

ತಂದೆತಾಯಿಗಳಲ್ಲಿ ಒಂದು ಅರಿಕೆ

ಈ ಹುಡುಗ ನಾಳೆ ದೊಡ್ಡ ಕಲಾವಿದನಾಗುತ್ತಾನೆಂದು ನಾವು ಹೇಳುತ್ತಿಲ್ಲ. ಅದನ್ನು ಕಾಲ ಹೇಳಬೇಕು. ಜೀವನೋಪಾಯದ ಪ್ರಶ್ನೆಯೂ ತೀರಿಲ್ಲ. ಕಲಿತವರು ಶಾಲೆಗಳಲ್ಲಿ ಕಲಿಸಬಹುದು, ಪುಸ್ತಕ ಪತ್ರಿಕೆಗಳಿಗೆ ಚಿತ್ರ ಬರೆಯಬಹುದು. 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ 2003ರಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆಯಲ್ಲಿ ಹೊಸಬರೂ ತಮ್ಮ ಕೃತಿಗಳನ್ನು ನೇರವಾಗಿ ಜನರಿಗೆ ಮಾರುತ್ತಾರೆ. ಇವೆಲ್ಲ ದಾರಿಗಳೇ, ಆದರೆ ಯಾವುದೂ ಹೂವಿನ ಹಾಸಿಗೆಯಲ್ಲ. ಮಗನಿಗೆ ಅನ್ನದ ದಾರಿ ಕಾಣಬೇಕೆಂಬ ತಂದೆಯ ಚಿಂತೆಯನ್ನು ನಾವು ಹಗುರವಾಗಿ ನೋಡುವುದಿಲ್ಲ.

ಆದರೆ ಎರಡು ಮಾತು ಹೇಳಲು ಅಪ್ಪಣೆಯಿರಲಿ. ಮೊದಲನೆಯದು ಮಕ್ಕಳಿಗೆ. ಸ್ಫೂರ್ತಿ ಎಂಬ ಅತಿಥಿ ಬರುವನೆಂದು ಬಾಗಿಲಲ್ಲಿ ಕಾಯುತ್ತ ನಿಂತರೆ ಅವನು ಬಾರನು. ಒಳಗೆ ಕೆಲಸ ನಡೆಯುತ್ತಿರುವ ಸದ್ದು ಕೇಳಿದರೆ ತಾನಾಗಿ ಬರುತ್ತಾನೆ. ಕಾಯಕವೆಂಬ ಮಾತನ್ನು ನಮ್ಮ ಮನೆಗಳಲ್ಲಿ ದಿನವೂ ಆಡುತ್ತೇವೆ. ಅದು ತಕ್ಕಡಿ ನೇಗಿಲುಗಳಿಗೆ ಮಾತ್ರವಲ್ಲ, ಕುಂಚಕ್ಕೂ ಸಲ್ಲುತ್ತದೆ. ಎರಡನೆಯದು ಹಿರಿಯರಿಗೆ. ಮಗು ಚಿತ್ರ ತಂದು ತೋರಿಸಿದಾಗ 'ಚೆನ್ನಾಗಿದೆ' ಎಂದು ನೋಡದೆಯೇ ಹೇಳಬೇಡಿ, 'ಇದರಿಂದೇನು ಲಾಭ' ಎಂದು ಕೇಳಲೂ ಬೇಡಿ. ಆ ತಂದೆ ಮಾಡಿದಂತೆ ಕನ್ನಡಕ ಏರಿಸಿ ನೋಡಿ. ತಪ್ಪಿದ್ದರೆ ಎಲ್ಲಿ ತಪ್ಪಿದೆಯೆಂದು ತೋರಿಸಿ. ಮಗುವಿಗೆ ಬೇಕಾದದ್ದು ಅಷ್ಟೇ.

ರುಮಾಲೆಯವರು ಬರೆದ ಎಷ್ಟೋ ಬೀದಿಗಳು ಇಂದು ಹಾಗೆ ಉಳಿದಿಲ್ಲ. ರಸ್ತೆ ಅಗಲವಾಯಿತು, ಮೆಟ್ರೊ ಬಂತು, ಸಾಲುಮರಗಳು ಹೋದವು. ಕೆಲವು ಮರಗಳು ಅವರ ಚಿತ್ರದಲ್ಲಿ ಮಾತ್ರ ಇನ್ನೂ ಹೂಬಿಡುತ್ತಿವೆ. ದಾರದಿಂದ ಪೊಟ್ಟಣ ಕಟ್ಟುವ ಅಂಗಡಿಗಳೂ ಇನ್ನೆಷ್ಟು ದಿನವೋ. ಕಣ್ಣೆದುರಿಗಿರುವುದನ್ನು ಕೂತು ನೋಡಿ ಬರೆದಿಡುವವರು ಪ್ರತಿ ಬೀದಿಗೊಬ್ಬರಾದರೂ ಬೇಕು.

ಮೊನ್ನೆ ಹುಡುಗ ಮನೆಗೆ ಬಂದಿದ್ದ. ಹೋಗುವಾಗ, "ಗುರುಗಳೇ, ಮಠದ ಗೋಡೆಯ ಮೇಲೆ ನೀವು ಬರೆದಿದ್ದ ಎತ್ತು ಹೇಗಿತ್ತು? ನೆನಪಿದ್ದಷ್ಟು ಬರೆದು ತೋರಿಸಿ" ಎಂದು ತನ್ನ ಪುಸ್ತಕವನ್ನೂ ಪೆನ್ಸಿಲನ್ನೂ ನಮ್ಮ ಮುಂದಿಟ್ಟ. ಕೈ ನಡುಗಿತು. ಕಾಲು ನಾಲ್ಕೂ ಒಂದೊಂದು ದಿಕ್ಕಿಗೆ ಹೋದವು. ಕೊಂಬು ಮಾತ್ರ, ಅವನು ಹೇಳಿದಂತೆ, ಚೆನ್ನಾಗಿಯೇ ಬಂದಿದೆ.